ಹಳೆಗನ್ನಡದ ‘ರಳ’ ಟೈಪ್ ಮಾಡುವುದು ಹೇಗೆ? ತಮಿಳಿನದು ಸಿಗುತ್ತದೆ, ಮಲಯಾಳದ್ದು ಸಿಗುತ್ತದೆ, ಕನ್ನಡದ್ದು ಮಾತ್ರ ಇಲ್ಲ

ನೀರ್ಚಾಲು_ಟೀಚರ್:

ನಮಸ್ಕಾರ ಎಲ್ಲರಿಗೂ. ಅಜ್ಜನ ಒಂದು ನೋಟ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಅಜ್ಜ ಕನ್ನಡ ಮಾಸ್ಟ್ರಾಗಿದ್ದವರು. ಉದ್ದದ ಲೆಕ್ಕದ ಪುಸ್ತಕ ಅದು, ಎಡಬದಿಗೆ ಹಳೆಗನ್ನಡ ಪದ್ಯ, ಬಲಬದಿಗೆ ಅರ್ಥ, ಜಾಗ ಉಳಿದಲ್ಲೆಲ್ಲ ತೋಟದ ಲೆಕ್ಕ. ಅಡಿಕೆ ಎಷ್ಟು ಸುಲಿದಾಯಿತು, ಯಾರಿಗೆ ಎಷ್ಟು ಸಂಬಳ, ಹೀಗೆ. ಪುಸ್ತಕದ ಅಂಚು ಗೆದ್ದಲು ತಿಂದಿದೆ, ಈಗ ಮಾಡದಿದ್ದರೆ ಆಮೇಲೆ ಮಾಡಲಿಕ್ಕೆ ಏನೂ ಉಳಿಯುವುದಿಲ್ಲ.

ಸಮಸ್ಯೆ ಇಷ್ಟು. ಪದ್ಯದ ಭಾಗದಲ್ಲಿ ಅಜ್ಜ ‘ರಳ’ ಬರೆದಿದ್ದಾರೆ. ಮಲಯಾಳದಲ್ಲಿ ಮಳೆಗೆ, ಬಾಳೆಗೆ ಬರೆಯುತ್ತಾರಲ್ಲ, ನಾಲಿಗೆ ಮಡಚಿ ಹೇಳುವ ಆ ಅಕ್ಷರದ ಕನ್ನಡ ರೂಪ. ಅದು ನನ್ನ ಕೀಬೋರ್ಡಿನಲ್ಲಿ ಎಲ್ಲೂ ಸಿಗಲಿಲ್ಲ, ಇನ್‌ಸ್ಕ್ರಿಪ್ಟ್ ಅನ್ನುವ ಕೀಲಿ ಜೋಡಣೆ ಬಳಸುತ್ತೇನೆ. ಕ್ಯಾರೆಕ್ಟರ್ ಮ್ಯಾಪ್ ತೆರೆದೆ. ಮಲಯಾಳದ ಅಕ್ಷರ ಹಾಕಿ ನೋಡಿದರೆ ಅದರ ಹೆಸರು ‘ಎಲ್‌ಎಲ್‌ಎಲ್‌ಎ’ ಅಂತ ಬಂತು. ಸರಿ, ಕನ್ನಡದ್ದೂ ಹಾಗೇ ಇರಬೇಕಲ್ವಾ ಅಂತ ಅದೇ ಹೆಸರಲ್ಲಿ ಹುಡುಕಿದೆ. ನಾಗರಿಯದ್ದು ಬಂತು, ತಮಿಳಿನದು ಬಂತು, ತೆಲುಗಿನದೂ ಬಂತು. ಕನ್ನಡದ್ದು ಮಾತ್ರ ಇಲ್ಲ! ಕಂಪ್ಯೂಟರಿನ ಪ್ರತಿ ಅಕ್ಷರಕ್ಕೂ ಸಂಖ್ಯೆ, ಹೆಸರು ಕೊಡುವ ಯೂನಿಕೋಡ್‌ನವರು ನಮ್ಮ ರಳ ಮರೆತೇ ಬಿಟ್ಟಿದ್ದಾರಾ?

ಅಕ್ಷರ ಸಿಗದೆ, ಆಮೇಲೆ ಬದಲಾಯಿಸಿದರಾಯಿತು ಅಂತ 20 ಪುಟ ಸುಮ್ನೆ ಳ ಹಾಕಿಯೇ ಹೊಡೆದಿದ್ದೇನೆ. ಶಾಲೆಯಿಂದ ತಂದ ಹಳೆ ಲ್ಯಾಪ್‌ಟಾಪ್, ಉಬುಂಟು, ಲಿಬ್ರೆ ಆಫೀಸ್ ರೈಟರ್. ಯಾರಾದರೂ ದಾರಿ ಹೇಳಿ. ಈ ಪ್ರಶ್ನೆಯಲ್ಲೂ ಆ ಅಕ್ಷರ ಹಾಕಲಾಗದೆ ಇಷ್ಟುದ್ದ ವಿವರಿಸಬೇಕಾಯಿತು ನೋಡಿ.

ಡಿಟಿಪಿ_ಅಂಗಡಿ:

ಇದಾ ನಿಮ್ಮ ಅಕ್ಷರ ಟೀಚರ್: ೞ

ಸದ್ಯಕ್ಕೆ ಇದನ್ನೇ ಕಾಪಿ ಮಾಡಿಕೊಂಡು ಕೆಲಸ ಶುರು ಮಾಡಿ. ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಸಂಜೆ ಸರಿಯಾಗಿ ಬರೆಯುತ್ತೇನೆ.

ಕಪ್ಪುತೆರೆ:

ಮರೆತಿಲ್ಲ ಟೀಚರ್, ತಪ್ಪು ಹೆಸರಿಟ್ಟು ಕೂರಿಸಿದ್ದಾರೆ. ಕನ್ನಡದ ೞ ಅಕ್ಷರಕ್ಕೆ ಯೂನಿಕೋಡ್‌ನಲ್ಲಿರುವ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಅಂದರೆ ‘ಫ’. ತಮಾಷೆ ಅಲ್ಲ, ಕ್ಯಾರೆಕ್ಟರ್ ಮ್ಯಾಪಿನಲ್ಲಿ ಆ ಹೆಸರು ಕೊಟ್ಟು ಹುಡುಕಿ ನೋಡಿ, ರಳವೇ ಬರುತ್ತದೆ.

ಇದು ಹೇಗಾಯಿತು ಅಂತ ಕೋಡ್ ಪಟ್ಟಿ ಎದುರಿಗಿಟ್ಟುಕೊಂಡರೆ ಒಂದು ಅಂದಾಜು ಸಿಗುತ್ತದೆ. ನಮ್ಮ ಲಿಪಿಗಳಿಗೆಲ್ಲ ಯೂನಿಕೋಡ್‌ನಲ್ಲಿ ಒಂದೇ ನಕ್ಷೆಯ ಮನೆ ಕಟ್ಟಿದ್ದಾರೆ. ಪ್ರತಿ ಲಿಪಿಗೂ 128 ಕೋಣೆ, ಒಂದು ಲಿಪಿಯಲ್ಲಿ ಕ ಯಾವ ಕೋಣೆಯಲ್ಲಿದೆಯೋ ಉಳಿದವುಗಳಲ್ಲೂ ಅದೇ ಕೋಣೆಯಲ್ಲಿರುತ್ತದೆ. ಕೋಣೆಯ ಸಂಖ್ಯೆಗಳೆಲ್ಲ ಹದಿನಾರರ ಲೆಕ್ಕದವು, 9 ಆದ ಮೇಲೆ ಎ, ಬಿ, ಸಿ ಅಂತ ಎಫ್‌ವರೆಗೆ ಹೋಗುತ್ತವೆ. ರಳದ ಕೋಣೆ 34. ನಾಗರಿಯಲ್ಲಿ 0934, ತೆಲುಗಿನಲ್ಲಿ 0ಸಿ34, ಮಲಯಾಳದಲ್ಲಿ 0ಡಿ34, ತಮಿಳಿನಲ್ಲಿ 0ಬಿಬಿ4. ತಮಿಳು ಮತ್ತು ಕನ್ನಡದ ಮನೆಗಳು 80ರಿಂದ ಶುರುವಾಗುತ್ತವೆ, ಹಾಗಾಗಿ ಅಲ್ಲಿ 34 ಹೋಗಿ ಬಿ4 ಆಗುತ್ತದೆ. ಆ ಲೆಕ್ಕದಲ್ಲಿ ಕನ್ನಡದ ರಳ 0ಸಿಬಿ4ರಲ್ಲಿ ಇರಬೇಕಿತ್ತು. ಹೋಗಿ ನೋಡಿ, ಆ ಕೋಣೆ ಇವತ್ತಿಗೂ ಖಾಲಿ. ನಮ್ಮದನ್ನು ಕೊಂಡುಹೋಗಿ ಹಿತ್ತಲಿನ 0ಸಿಡಿಇ ಕೋಣೆಯಲ್ಲಿ ಕೂರಿಸಿದ್ದಾರೆ. ನಾಗರಿಯ ಮನೆಯಲ್ಲಿ ಅದೇ ಕೋಣೆಯಲ್ಲಿ ಯಾರಿದ್ದಾರೆ? ನುಕ್ತ (ಕೆಳಗೊಂದು ಚುಕ್ಕಿ) ಹಾಕಿದ ಫ, ಫಾರಸಿ ಶಬ್ದಗಳಿಗೆ ಬಳಸುವಂಥದ್ದು. ಆ ಬಾಗಿಲಿನ ಬೋರ್ಡನ್ನೇ ಇಲ್ಲಿಗೂ ಬರೆದಿರಬೇಕು.

ತಪ್ಪು ಗೊತ್ತಾದ ಮೇಲೆ ಯಾಕೆ ತಿದ್ದಲಿಲ್ಲ ಅಂತ ಕೇಳಬಹುದು. ಒಮ್ಮೆ ಇಟ್ಟ ಹೆಸರನ್ನು ಯಾವ ಕಾರಣಕ್ಕೂ ಬದಲಿಸುವುದಿಲ್ಲ ಅನ್ನುವುದು ಯೂನಿಕೋಡ್‌ನ ನಿಯಮ. ಆ ಹೆಸರು ನಂಬಿಕೊಂಡ ಪ್ರೋಗ್ರಾಂಗಳು ಕೆಟ್ಟುಹೋಗಬಾರದು ಅಂತ. ಹಾಗಾಗಿ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ ಅಷ್ಟೇ. ಕೆಲವು ಸಾಫ್ಟ್‌ವೇರ್ ಅಡ್ಡಹೆಸರಲ್ಲೂ ಹುಡುಕುತ್ತವೆ, ನಿಮ್ಮದು ಹುಡುಕಲಿಲ್ಲ.

ಇದೇ ಪುಸ್ತಕದಲ್ಲಿ ಶಕಟರೇಫ ಕೂಡ ಇರಬೇಕಲ್ವಾ? ಅದು ಱ, 0ಸಿಬಿ1. ಅದು ಪುಣ್ಯಕ್ಕೆ ಸರಿಯಾದ ಕೋಣೆಯಲ್ಲೇ ಇದೆ, ಹೆಸರು ‘ಆರ್‌ಆರ್‌ಎ’.

ನೀರ್ಚಾಲು_ಟೀಚರ್:

ಅಯ್ಯೋ ದೇವರೇ, ‘ಫ’ ಅಂತೆ! ಎರಡು ರಾತ್ರಿ ಹುಡುಕಿದ್ದು ದಂಡ. ಹೌದು, ಱ ಕೂಡ ಉಂಟು. ‘ಆಱು’, ‘ಬೇಱೆ’, ‘ಅಱಿವು’ ಎಲ್ಲ ಬರೆದಿದ್ದಾರೆ.

ಆದರೆ ಪ್ರತಿ ಸಲ ಕಾಪಿ, ಪೇಸ್ಟ್ ಮಾಡುತ್ತಾ ಕೂತರೆ ಒಂದು ಪುಟಕ್ಕೆ ಅರ್ಧ ದಿನ ಬೇಕು. ಕೀಲಿಯಿಂದಲೇ ಬರುವ ಹಾಗೆ ಮಾಡಲಿಕ್ಕೆ ಆಗುವುದಿಲ್ವಾ?

ಡಿಟಿಪಿ_ಅಂಗಡಿ:

ಬಂದೆ. ಅಂಗಡಿ ಮುಚ್ಚಿ ಬಸ್ಸಲ್ಲಿ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಕೀಬೋರ್ಡಿಗೆ ಹೋಗಿ ಬರುವುದು ರಗಳೆ, ಅದಕ್ಕೆ ಎ ಬಿ ಸಿ ಡಿಯನ್ನೂ ಕನ್ನಡದಲ್ಲೇ ಬರೆಯುತ್ತೇನೆ, ನೀವು ಇಂಗ್ಲಿಷ್‌ನಲ್ಲಿ ಹೊಡೆಯಿರಿ.

ರೈಟರಿನಲ್ಲಿ ಸುಲಭ. 0ಸಿಡಿಇ ಅಂತ ಟೈಪ್ ಮಾಡಿ, ಜಾಗ ಬಿಡದೆ ಹಾಗೇ ಆಲ್ಟ್ ಒತ್ತಿ ಹಿಡಿದು ಎಕ್ಸ್ ಒತ್ತಿ. ನಾಲ್ಕಕ್ಷರ ಮಾಯವಾಗಿ ೞ ಬಂದು ಕೂರುತ್ತದೆ. ವಿಂಡೋಸ್‌ನ ವರ್ಡಿನಲ್ಲೂ ಇದೇ ಉಪಾಯ. ತಿರುಗಾ ಆಲ್ಟ್ ಎಕ್ಸ್ ಒತ್ತಿದರೆ ಅಕ್ಷರ ಹೋಗಿ ಕೋಡ್ ಕಾಣುತ್ತದೆ, ಹಾಗಾಗಿ ಎಲ್ಲಿಂದಲೋ ಬಂದ ಗುರುತಿಲ್ಲದ ಅಕ್ಷರ ಯಾವುದು ಅಂತ ನೋಡಲಿಕ್ಕೂ ಇದು ಆಗುತ್ತದೆ. ರೈಟರ್ ಬಿಟ್ಟು ಉಬುಂಟುವಿನ ಮಾಮೂಲಿ ಎಡಿಟರಿನಲ್ಲಾದರೆ ಕಂಟ್ರೋಲ್, ಶಿಫ್ಟ್, ಯು ಮೂರೂ ಒಟ್ಟಿಗೆ ಒತ್ತಿ, ಕೈ ಬಿಟ್ಟು, 0ಸಿಡಿಇ ಹೊಡೆದು ಎಂಟರ್.

ಒಂದು ಮಾತು ನೆನಪಿಡಿ. ಕೋಡ್ ಹೊಡೆಯುವಾಗ ಕೀಬೋರ್ಡ್ ಇಂಗ್ಲಿಷ್‌ನಲ್ಲಿ ಇರಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಇದ್ದರೆ ಸಿ ಜಾಗಕ್ಕೆ ಮ ಬರುತ್ತದೆ, ಡಿ ಜಾಗಕ್ಕೆ ಹಲಂತ, ಇ ಜಾಗಕ್ಕೆ ದೀರ್ಘ. ಆಲ್ಟ್ ಎಕ್ಸ್ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ, ಕಂಪ್ಯೂಟರ್ ಹಾಳಾಗಿದೆ ಅಂತ ನನಗೆ ಫೋನ್ ಮಾಡಿದವರಿದ್ದಾರೆ.

ಆದರೆ ನಿಜ ಹೇಳಬೇಕೆಂದರೆ ನಾನು ಹೀಗೆ ಮಾಡುವುದೇ ಇಲ್ಲ. ಟೈಪ್ ಮಾಡುತ್ತಾ ಹೋಗುವಾಗ ನಡುವೆ ಭಾಷೆ ಬದಲಿಸಿದರೆ ಕೈಯ ಓಟ ತಪ್ಪುತ್ತದೆ. ಪುಸ್ತಕದಲ್ಲಿ ಎಲ್ಲೂ ಬಾರದ ಒಂದು ಚಿಹ್ನೆ ಹಿಡಿಯಿರಿ. ೞ ಬರಬೇಕಾದಲ್ಲಿ #, ಱ ಬರಬೇಕಾದಲ್ಲಿ @. ಬಾ#, ಮ#, ಆ@ು ಅಂತ ಹೊಡೆಯುತ್ತಾ ಹೋಗಿ. ಚಿಹ್ನೆಯ ಪಕ್ಕ ಕೊಂಬು, ಗುಡಿಸು ಬಂದರೆ ನೋಡಲಿಕ್ಕೆ ವಿಕಾರವಾಗಿ ಕಾಣುತ್ತದೆ, ಚುಕ್ಕಿ ಚುಕ್ಕಿಯ ವೃತ್ತವೊಂದು ಮೂಡುತ್ತದೆ, ಹೆದರಬೇಡಿ. ಪುಟ ಮುಗಿದ ಮೇಲೆ ಫೈಂಡ್ ಆಂಡ್ ರಿಪ್ಲೇಸ್ ತೆರೆದು # ಇದ್ದಲ್ಲೆಲ್ಲ ೞ ಅಂದರೆ ಆಯಿತು, ಕೊಂಬು ಗುಡಿಸು ಎಲ್ಲ ತಾವಾಗಿ ಸರಿಯಾಗಿ ಅಂಟಿಕೊಳ್ಳುತ್ತವೆ. ನಮ್ಮ ಅಂಗಡಿಯಲ್ಲಿ ಎಷ್ಟೋ ವರ್ಷದಿಂದ ಹೀಗೇ ನಡೆಯುವುದು.

ಮತ್ತೆ ದಯವಿಟ್ಟು ಳ ಹಾಕಿ ಅದರ ಕೆಳಗೆ ನುಕ್ತ ಇಟ್ಟು ‘ಳ಼’ ಮಾಡಬೇಡಿ. ಕೆಲವರು ಅದನ್ನೇ ರಳ ಅಂತ ನಂಬಿದ್ದಾರೆ. ನಾಗರಿಯಲ್ಲಿ ಹಾಗೆ ನುಕ್ತ ಸೇರಿಸಿದರೆ ರಳಕ್ಕೆ ಸಮ ಅಂತ ಕಂಪ್ಯೂಟರ್ ಒಪ್ಪುತ್ತದೆ, ಕನ್ನಡದಲ್ಲಿ ಒಪ್ಪುವುದಿಲ್ಲ. ಮುಂದೆ ಯಾರಾದರೂ ೞ ಅಂತ ಹುಡುಕಿದರೆ ನಿಮ್ಮ ಪುಟ ಸಿಗುವುದೇ ಇಲ್ಲ.

ಕಪ್ಪುತೆರೆ:

# ಉಪಾಯ ಚೆನ್ನಾಗಿದೆ ಅಣ್ಣ, ಒಪ್ಪಿದೆ. ಆದರೂ ನನ್ನದನ್ನು ಹೇಳದೆ ಇರಲಾರೆ.

ನಾನು ವಿಮ್ ಅನ್ನುವ ಎಡಿಟರ್ ಬಳಸುವವನು (ಹೌದು, ಗೊತ್ತು, ನಗಬೇಡಿ). ಅದರಲ್ಲಿ ಟೈಪ್ ಮಾಡುತ್ತಿರುವಾಗಲೇ ಕಂಟ್ರೋಲ್ ವಿ, ಆಮೇಲೆ ಯು, ಆಮೇಲೆ ನಾಲ್ಕಂಕಿಯ ಕೋಡ್. ಅದಕ್ಕಿಂತ ಚಂದದ್ದು ಡೈಗ್ರಾಫ್, ಅಂದರೆ ಎರಡು ಕೀಲಿಯ ಜೋಡಿಯಿಂದ ಒಂದು ಅಕ್ಷರ ತರುವುದು. ಸೆಟ್ಟಿಂಗ್ ಫೈಲಿನಲ್ಲಿ ‘ಡೈಗ್ರಾಫ್’ ಆಜ್ಞೆ ಬರೆದು, ಎಲ್ ಝಡ್ ಜೋಡಿಗೆ 3294 ಅಂತ ಕೊಡಿ. 0ಸಿಡಿಇಯನ್ನು ನಮ್ಮ ಮಾಮೂಲಿ ಲೆಕ್ಕಕ್ಕೆ ತಂದರೆ 3294, ಱ ಆದರೆ 3249. ಅಂದಿನಿಂದ ಕಂಟ್ರೋಲ್ ಕೆ ಒತ್ತಿ ಎಲ್ ಝಡ್ ಅಂದರೆ ೞ. ವೆಬ್ ಪುಟಕ್ಕೆ ಹಾಕುವವರಿಗೂ ಅದೇ ಸಂಖ್ಯೆ ಸಾಕು, &#3294; ಅಂತ ಬರೆದರೆ ಬ್ರೌಸರ್ ಅದನ್ನು ೞ ಮಾಡಿ ತೋರಿಸುತ್ತದೆ.

ಕರ್ಸರ್ ಕೆಳಗಿನ ಅಕ್ಷರ ಯಾವುದು ಅಂತ ತಿಳಿಯಬೇಕಾದರೆ ಜಿ ಎ. ಇದು ನನಗೆ ಅನ್ನ ಕೊಟ್ಟ ಆಜ್ಞೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಶಬ್ದ ಹುಡುಕಾಟದಲ್ಲಿ ಯಾಕೆ ಹೊಂದುವುದಿಲ್ಲ ಅಂತ ತಲೆ ಕೆಡಿಸಿಕೊಂಡಾಗೆಲ್ಲ ಇದೇ ಕಾಪಾಡಿದ್ದು. ಹೆಚ್ಚಾಗಿ ಒಳಗೆ ಅಡಗಿ ಕೂತಿರುವುದು ಕಾಣದ ಅಕ್ಷರ. ನೀವು ‘ಕಾಸರಗೋಡ್ನಲ್ಲಿ’ ಅಂತ ಸಾದಾ ಹೊಡೆದರೆ ನ ಒತ್ತಾಗಿ ಕೆಳಗೆ ಹೋಗುತ್ತದೆ. ‘ಕಾಸರಗೋಡ್‌ನಲ್ಲಿ’ ಅಂತ ಬರಬೇಕಾದರೆ ಹಲಂತದ ಬೆನ್ನಿಗೆ 200ಸಿ ಅನ್ನುವ ಶೂನ್ಯ ಅಗಲದ ಅಕ್ಷರ ಬೇಕು, ‘ಸೇರಬೇಡಿ’ ಅಂತ ಹೇಳುವಂಥದ್ದು. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗಂತೂ ಹೆಜ್ಜೆ ಹೆಜ್ಜೆಗೂ ಇದು ಬೇಕೇ ಬೇಕು. ಅದರ ಪಕ್ಕದ 200ಡಿ ಇನ್ನೊಂದು ಥರ. ಅಜ್ಜ ಸೂರ್ಯನನ್ನು ಅರ್ಕಾವತ್ತು ಇಲ್ಲದೆ ‘ಸೂರ‍್ಯ’ ಅಂತ ಬರೆದಿದ್ದರೆ, ರ ಆದ ಮೇಲೆ ಮೊದಲು 200ಡಿ, ಆಮೇಲೆ ಹಲಂತ, ಆಮೇಲೆ ಯ. ಹಲಂತಕ್ಕಿಂತ ಮೊದಲು, ನೆನಪಿರಲಿ. ರೈಟರಿನಲ್ಲಿ ಇವೆರಡೂ ಕಣ್ಣಿಗೆ ಬೀಳುವುದು ಕಷ್ಟ. ವಿಮ್ ಮಾತ್ರ ಮುಚ್ಚುಮರೆ ಇಲ್ಲದೆ <200ಸಿ> ಅಂತ ಅಲ್ಲೇ ಬರೆದು ತೋರಿಸುತ್ತದೆ. ಓದಲಿಕ್ಕೆ ಅಸಹ್ಯ, ಕಳ್ಳ ಹಿಡಿಯಲಿಕ್ಕೆ ಒಳ್ಳೇದು.

ಮುಳ್ಳೇರಿಯ_ನಿವೃತ್ತ:

ಕಂಪ್ಯೂಟರಿನ ವಿಷಯ ನೀವು ಮಕ್ಕಳು ಹೇಳಿದ್ದೀರಿ, ನನಗೆ ಅರ್ಧ ಅರ್ಥವಾಯಿತು. ಟೀಚರಮ್ಮ, ನನಗೆ ಗಾಬರಿಯಾದದ್ದು ನಿಮ್ಮ ಆ 20 ಪುಟದ್ದು. ಳ ಹಾಕಿ ಹೊಡೆದಿದ್ದೇನೆ, ಆಮೇಲೆ ಬದಲಾಯಿಸುತ್ತೇನೆ ಅಂದಿರಿ. ಹೇಗೆ ಬದಲಾಯಿಸುತ್ತೀರಿ? ಎಲ್ಲ ಳ ಕೂಡ ೞ ಅಲ್ಲ.

ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಕುಳ, ಅಂದರೆ ಮಾಮೂಲಿ ಳ, ಎಲ್ಲ ರಳ ಆದರೆ ಬದುಕುವವನ ಕೈಗೆ ಕತ್ತಿ ಹೋಗುತ್ತದೆ, ಕತ್ತಿಯೇ ಬದುಕಲು ಶುರು ಮಾಡುತ್ತದೆ. ಆಳ್ ಅಂದರೆ ಮನುಷ್ಯ, ಸೇವಕ. ಆೞ ಅಂದರೆ ಬಾವಿಯ ಆಳ. ಹಳೆಗನ್ನಡದ ವ್ಯಾಕರಣ ಬರೆದ ಕೇಶಿರಾಜ ರಳ, ಕುಳ, ಕ್ಷಳ (ಸಂಸ್ಕೃತದ ಲ ಕನ್ನಡದಲ್ಲಿ ಳ ಆದದ್ದು) ಅಂತ ಬೇರೆ ಬೇರೆ ಮಾಡಿ ವಿವರಿಸಿದ್ದು ಸುಮ್ಮನೆ ಅಲ್ಲ.

ನಮಗೆ ಕಾಸರಗೋಡಿನವರಿಗೆ ಒಂದು ಅನುಕೂಲ ಉಂಟು, ಗಟ್ಟದ ಮೇಲಿನವರಿಗೆ ಇಲ್ಲದ್ದು. ನಾನು ತರಗತಿಯಲ್ಲಿ ಹೇಳಿಕೊಡುತ್ತಿದ್ದದ್ದೂ ಇದೇ. ಸಂಶಯ ಬಂದರೆ ಮಲಯಾಳದಲ್ಲಿ ಹೇಳಿ ನೋಡಿ. ಮೞ, ವಾೞ, ಕೋೞಿ, ಏೞ್. ಅಲ್ಲಿ ನಾಲಿಗೆ ಮಡಚಿದರೆ ಹಳೆಗನ್ನಡದಲ್ಲೂ ಮಡಚುತ್ತದೆ. ಮಳೆ, ಬಾಳೆ, ಕೋಳಿ, ಏಳು, ಕೆಳಗೆ ಎಲ್ಲ ರಳ. ಮುಳ್ಳಿಗೆ ಅವರೂ ಮುಳ್ಳ್ ಅನ್ನುತ್ತಾರೆ, ಕಳ್ಳನಿಗೆ ಕಳ್ಳನ್ ಅನ್ನುತ್ತಾರೆ, ಅಲ್ಲಿ ರಳ ಇಲ್ಲ. ನಮ್ಮ ಶಾಲೆಯ ಮಕ್ಕಳು ಪೇಟೆಯಲ್ಲಿ ಮೀನು, ತರಕಾರಿ ಕೊಳ್ಳುತ್ತಾ ಕಲಿತ ಮಲಯಾಳ ಹಳೆಗನ್ನಡದ ಪಾಠಕ್ಕೆ ಉಪಯೋಗಕ್ಕೆ ಬರುತ್ತಿತ್ತು!

ಆದರೆ ಇದೂ ಪೂರ್ತಿ ಸಾಲದು. ಕತ್ತೆ ಇದೆಯಲ್ಲ, ಅದು ಹಳೆಗನ್ನಡದಲ್ಲಿ ಕೞ್ತೆ, ಮಲಯಾಳದಲ್ಲಿ ಕೞುದ. ಹೊಸಗನ್ನಡದಲ್ಲಿ ಅಲ್ಲಿ ಳ ಉಳಿದೇ ಇಲ್ಲ. ಹಾಗಾಗಿ ಮೂಲ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಸಾಲು ಸಾಲು ನೋಡಿಯೇ ತಿದ್ದಬೇಕು. ಅಡ್ಡದಾರಿ ಹುಡುಕಬೇಡಿ.

ಹೊಸೂರು_ಕಡೆಯವ:

ಗಟ್ಟದ ಮೇಲಿನವರಿಗೆ ಇಲ್ಲ ಅಂದ್ರಲ್ಲ ಸಾರ್, ನಮಗೂ ಇದೆ! ಹೊಸೂರಲ್ಲಿ ನಾವು ಅದೇ ಪರೀಕ್ಷೆಯನ್ನು ತಮಿಳಲ್ಲಿ ಮಾಡುತ್ತೇವೆ. ಮೞೈ, ವಾೞೈ, ಕೋೞಿ. ಮನೆಯಲ್ಲಿ ಕನ್ನಡ, ಬಸ್ ಸ್ಟ್ಯಾಂಡಲ್ಲಿ ತಮಿಳು.

ಇದೇ ನೆಪದಲ್ಲಿ ಒಂದು ಕೇಳ್ತೀನಿ. ಕೇರಳದ ಊರುಗಳ ಹೆಸರಲ್ಲಿ ಈ ೞ ಹಾಕಬಹುದಾ? ಕನ್ನಡದಲ್ಲಿ ‘ಆಲಪ್ಪುಝ’, ‘ಕೋಝಿಕ್ಕೋಡ್’ ಅಂತ ಓದಿದಾಗೆಲ್ಲ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತೆ. ಇಂಗ್ಲಿಷ್‌ನವರು ಝಡ್ ಎಚ್ ಹಾಕಿದ್ದನ್ನು ನೋಡಿ ನಮ್ಮವರು ಝ ಮಾಡಿಬಿಟ್ಟಿದ್ದಾರೆ.

ಡಿಟಿಪಿ_ಅಂಗಡಿ:

ಕಲ್ಲಿಕೋಟೆ ಅನ್ನಲಿಕ್ಕೆ ಎಂತ ಆಗಿದೆ ಮಾರಾಯ್ರೆ? ಆಲಪ್ಪುೞ ಅಂತ ಹಾಕಬಹುದು, ಸರಿಯೇ. ಓದುವ ಹತ್ತರಲ್ಲಿ ಎಂಟು ಮಂದಿ ಇದೆಂತ ಅಕ್ಷರ ಅಂತ ಕೇಳುತ್ತಾರೆ. ನಾನಾದರೆ ಆಲಪ್ಪುಳ ಅಂತ ಹಾಕಿ ಮುಗಿಸುತ್ತೇನೆ. ಝ ಮಾತ್ರ ಬೇಡ.

ಟೀಚರ್, ಫಾಂಟಿನ ಬಗ್ಗೆ ಹೇಳಲು ಮರೆತೆ. ೞ ಎಲ್ಲ ಫಾಂಟಿನಲ್ಲೂ ಇರುವುದಿಲ್ಲ. ನಿಮ್ಮಲ್ಲಿ ಚಂದ ಕಂಡದ್ದು ಪ್ರಿಂಟಿಂಗಿಗೆ ಕೊಟ್ಟಾಗ ಚೌಕ ಡಬ್ಬಿಯಾಗಿ ಬರಬಹುದು. ಡಬ್ಬಿ ಕಂಡರೆ ಅಕ್ಷರ ಹೋಯಿತು ಅಂತ ಅಲ್ಲ, ಕೋಡ್ ಒಳಗೆ ಇದ್ದೇ ಇರುತ್ತದೆ, ಫಾಂಟ್ ಬದಲಿಸಿದರೆ ಸರಿ. ನೋಟೋ ಸಾನ್ಸ್ ಕನ್ನಡ ಹಾಕಿಕೊಳ್ಳಿ, ಪುಕ್ಕಟೆ. ‘ಪೇೞ್ದನ್’ ಅಂತ ಒಂದು ಶಬ್ದ ಹೊಡೆದು, ೞ ಕೆಳಗೆ ದ ಒತ್ತು ಸರಿಯಾಗಿ ಕೂತಿದೆಯಾ ನೋಡಿ. ಅದು ಸರಿ ಇದ್ದರೆ ಉಳಿದದ್ದೂ ಸರಿ ಇರುತ್ತದೆ. ಪ್ರೆಸ್ಸಿಗೆ ಕೊಡುವಾಗ ಪಿಡಿಎಫ್ ಮಾಡಿ ಕೊಡಿ. ಮತ್ತೆ ಯಾರಾದರೂ ಹಳೆ ಆಸ್ಕಿ ಫಾಂಟಿನ ಫೈಲ್ ಕೊಟ್ಟು ಇದರಿಂದ ಕಾಪಿ ಮಾಡಿ ಅಂದರೆ ಬೇಡ ಅನ್ನಿ. ಅದರಲ್ಲಿ ಕಾಣುವುದು ೞ, ಒಳಗಿರುವುದು ಇಂಗ್ಲಿಷಿನ ಯಾವುದೋ ಅಕ್ಷರ.

ನೀರ್ಚಾಲು_ಟೀಚರ್:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಎಲ್ಲರಿಗೂ ಉಪಕಾರ. # ಉಪಾಯದಲ್ಲಿ ಹೊಸ 11 ಪುಟ ಮುಗಿಯಿತು. ಅಣ್ಣ ಹೇಳಿದ ಹಾಗೆ ‘ಪೇೞ್ದನ್’ ಹೊಡೆದು ನೋಡಿದೆ, ದ ಒತ್ತು ಕೆಳಗೆ ಚಂದಕ್ಕೆ ಕೂತಿದೆ. ಮೊದಲ ಸಲ ೞ ಪರದೆಯ ಮೇಲೆ ಬಂದಾಗ ಅಮ್ಮನನ್ನು ಅಡುಗೆ ಕೋಣೆಯಿಂದ ಕರೆದು ತೋರಿಸಿದೆ. ಅಪ್ಪನ ಅಕ್ಷರದ ಹಾಗೆ ಇಲ್ಲ, ಅವರು ಬಾಲ ಉದ್ದ ಎಳೆಯುತ್ತಿದ್ದರು ಅಂದರು.

ಈಗ ಬೈಸಿಕೊಳ್ಳುವ ವಿಷಯ. ಮಾಸ್ಟ್ರು ಬೇಡ ಅಂದದ್ದನ್ನೇ ಮಾಡಿದೆ. ಹಳೆ 20 ಪುಟದಲ್ಲಿ ಮಳೆ, ಬಾಳೆ, ಹಳೆ ಇಂಥದ್ದೇ ಜಾಸ್ತಿ ಇದೆ ಅಂತ, ‘ಳೆ’ ಇದ್ದಲ್ಲೆಲ್ಲ ‘ೞೆ’ ಮಾಡು ಅಂತ ಒಂದೇ ಏಟಿಗೆ ಒತ್ತಿದೆ. ರಾತ್ರಿ ಹನ್ನೊಂದು ಗಂಟೆ, ನಿದ್ದೆಗಣ್ಣು. ಪದ್ಯದ ಭಾಗ ಹೆಚ್ಚುಕಡಿಮೆ ಸರಿಯಾಯಿತು. ಸೇವ್ ಮಾಡಿ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಅಂಚಿನ ತೋಟದ ಲೆಕ್ಕವೂ ಹಳೆಗನ್ನಡ ಆಗಿದೆ. ‘ಬಾೞೆಗೊನೆ 7, ಕುಂಬೞೆ ಸಂತೆಗೆ’ ಅಂತ!

ಕಪ್ಪುತೆರೆ:

ಕುಂಬೞೆ!! 😂

ಟೀಚರ್, ಇನ್ನು ಮುಂದೆ ‘ರಿಪ್ಲೇಸ್ ಆಲ್’ ಕಡೆ ಕೈ ಹಾಕಬೇಡಿ. ಬರೀ ‘ರಿಪ್ಲೇಸ್’ ಒತ್ತುತ್ತಾ ಹೋದರೆ ಒಂದೊಂದೇ ತೋರಿಸುತ್ತದೆ, ಬೇಡದ್ದನ್ನು ‘ಫೈಂಡ್ ನೆಕ್ಸ್ಟ್’ ಒತ್ತಿ ದಾಟಿಸಬಹುದು. ಹಿಂದಿನ ಪ್ರತಿ ಏನಾದರೂ ಇದೆಯಾ?

ಮುಳ್ಳೇರಿಯ_ನಿವೃತ್ತ:

ಬೈಯುವುದಿಲ್ಲ. ಆದರೆ ಕುಂಬಳೆಗೆ ಮಲಯಾಳದವರೂ ಕುಂಬಳ ಅಂತಲೇ ಅನ್ನುವುದು, ನಾಲಿಗೆ ಮಡಚುವುದಿಲ್ಲ. ಅದನ್ನು ಮೊದಲು ತಿದ್ದಿ. ಬಾಳೆಗೊನೆಯನ್ನೂ ತಿದ್ದಿ. ವ್ಯಾಕರಣದ ಪ್ರಕಾರ ಬಾೞೆ ಸರಿ ಇರಬಹುದು, ಆದರೆ ಅಜ್ಜ ಸಂತೆಯ ಲೆಕ್ಕಕ್ಕೆ ರಳ ಬರೆದಿಲ್ಲ ತಾನೇ? ಅವರು ಎಲ್ಲಿ ಯಾವುದು ಬರೆದಿದ್ದಾರೋ ಅದೇ ಇರಲಿ.

ನೀರ್ಚಾಲು_ಟೀಚರ್:

ಬರೆದಿಲ್ಲ ಮಾಸ್ಟ್ರೇ. ಪುಸ್ತಕ ತೆಗೆದು ನೋಡಿದೆ. ಪದ್ಯದಲ್ಲೆಲ್ಲ ೞ, ಲೆಕ್ಕದಲ್ಲೆಲ್ಲ ಳ. ಒಂದೇ ಪುಟದಲ್ಲಿ, ಒಂದೇ ಶಾಯಿಯಲ್ಲಿ. ಹಿಂದಿನ ಪ್ರತಿ ಇಲ್ಲ, ಹಾಗಾಗಿ ಲೆಕ್ಕದ ಸಾಲುಗಳನ್ನು ಕೈಯಾರೆ ತಿದ್ದುತ್ತಿದ್ದೇನೆ. ಕುಂಬಳೆ ಇಷ್ಟರವರೆಗೆ ಒಂಬತ್ತು ಕಡೆ ಸಿಕ್ಕಿತು. ಅಜ್ಜ ಪ್ರತಿ ವಾರ ಸಂತೆಗೆ ಹೋಗುತ್ತಿದ್ದರು ಅಂತ ಈಗ ಗೊತ್ತಾಯಿತು.